ಗೂಟದ ಮ್ಯಾಲಿನ ಬ್ಯಾಟು

ನನ್ನ ಬಾಯಿ ಸುಮ್ಮನ ಕೂಡೂದಲ್ಲ. ಇದು ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತಿದ್ದ ಮಾತು. ಅದ ಬಾಯಿಂದ ನಾ ಕಾಲೇಜಿನ ಬ್ಯಾಡ್ಮಿಂಟನ್ ಕ್ಲಬ್ ಸೇರಿದೆ, ಅದ ಬಾಯಿಂದ ಇನ್ನ ಸ್ವಲ್ಪಕ್ಕ ಟೀಮಿನಿಂದ ಹೊರಗ ಬೀಳ್ತಿದ್ದೆ.

ಎರಡನೇ ಮಹಾಯುದ್ಧದ ಕಾಲ ಅದು. ಅಪ್ಪ ಧಾರವಾಡದಿಂದ ಪುಣೆಕ್ಕ ಬಂದು, ಮಿಲಿಟರಿ ಲೆಕ್ಕದ ಕಚೇರಿಯೊಳಗ ಗುಮಾಸ್ತ ಆಗಿ ಭಾಳ ವರ್ಷ ಆಗಿತ್ತು. ಪೇಟೆಯೊಳಗ ನಾಕಾರು ಸಂಸಾರ ಇರೂ ಒಂದು ಹಳೇ ವಾಡೆ, ಅದರ ಕೆಳಗಿನ ಮಜಲಿನಾಗ ನಮ್ಮ ಮನಿ. ಹೊಸ್ತಿಲ ಹೊರಗ ಮರಾಠಿ, ಒಳಗ ಕನ್ನಡ. ಅವ್ವ ಅಂಗಳದ ನಳದ ಮುಂದ ಕೊಡ ಹಚ್ಚಿ ಮರಾಠಿಯೊಳಗ ಜಗಳಾಡತಿದ್ಲು, ತುಂಬಿದ ಕೊಡ ಹೊತ್ತು ಒಳಗ ಬರೂದ್ರಾಗ ಅದ ಬೈಗಳ ಕನ್ನಡಕ್ಕ ತಿರಗಿರತಿತ್ತು. ಮನ್ಯಾಗ ಅಪ್ಪ, ಅವ್ವ, ನಾನು, ಮತ್ತ ಅಪ್ಪನ ತಾಯಿ, ಅಂದ್ರ ನಮ್ಮ ಅಜ್ಜಿ.

ಅಜ್ಜಿ ಬಗ್ಗೆ ಮೊದಲ ಹೇಳಿಬಿಡಬೇಕು, ಇಲ್ಲಂದ್ರ ಮುಂದಿನದು ತಿಳಿಯೂದಿಲ್ಲ. ಅಜ್ಜ ತೀರಿದಾಗಿನಿಂದ ಬೋಳ ತಲಿ ಮ್ಯಾಲೆ ಸೆರಗು, ಕೆಂಪ ಸೀರಿ, ದಿನಕ್ಕ ಒಂದ ಊಟ. ಅಡಿಗಿ ಆಕೀದ. ಮುಂಜಾನೆ ತಣ್ಣೀರ ಸ್ನಾನ ಮಾಡಿ ಮಡಿ ಉಟ್ಲು ಅಂದ್ರ ಯಾರೂ ಆಕೀನ್ನ ಮುಟ್ಟಂಗಿಲ್ಲ. ನಾ ಸಣ್ಣಾಕಿ ಇದ್ದಾಗ ಓಡಿ ಹೋಗಿ ತೆಕ್ಕಿ ಬೀಳಬೇಕು ಅಂತ ಹತ್ರ ಹೋದ್ರ ಆಕಿ ಬಾಯಾಗಿಂದ ಬರೂ ಮಾತು ಒಂದ: "ದೂರ." ಸಿಟ್ಟಿಲೆ ಅಲ್ಲ. ಬ್ಯಾರೆ ಮನ್ಯಾಗ ಅಜ್ಜಿ "ಬಾ" ಅಂತಾಳಲ್ಲ, ಹಂಗ ನಮ್ಮಾಕಿ "ದೂರ" ಅಂತಿದ್ಲು. ಸಂಜಿ ದೀಪ ಹಚ್ಚಿದ ಮ್ಯಾಲೆ ಬೇಕಾದ್ರ ತೊಡಿ ಮ್ಯಾಲೆ ಮಲಗಿಸಿಕೊಳ್ಳೂದು ಇತ್ತು, ಆದ್ರ ಅಷ್ಟೊತ್ತಿಗೆ ನನಗ ಸಿಟ್ಟ ಬಂದು ನಾ ಅಪ್ಪನ ಹತ್ರ ಹೋಗಿರತಿದ್ದೆ. ದೊಡ್ಡಾಕಿ ಆದ ಮ್ಯಾಲೆ ಅದೂ ನಿಂತ ಹೋತು.

ನಮ್ಮ ಕಾಲೇಜು ನದಿ ಆಚೆ. ಲಕಡಿ ಪೂಲ ಅನ್ನೂ ಸೇತುವಿ ದಾಟಿ ನಡಕೋತ ಹೋಗೂದು. ಮಳಿಗಾಲದಾಗ ಮೈದಾನದ ಆಟ ಎಲ್ಲಾ ಬಂದ್, ಆವಾಗ ಕಾಲೇಜಿನ ದೊಡ್ಡ ಹಾಲಿನೊಳಗ ಕುರ್ಚಿ ಎಲ್ಲಾ ಗ್ವಾಡಿಗೆ ಸರಿಸಿ, ಶಹಾಬಾದಿ ಕಲ್ಲಿನ ಫರಸಿ ಮ್ಯಾಲೆ ಸುಣ್ಣದ ಗೆರಿ ಹೊಡದು ಹುಡಿಗ್ಯಾರು ಬ್ಯಾಡ್ಮಿಂಟನ್ ಆಡತಿದ್ರು. ನಾ ಒಂದಿನ ಛತ್ರಿ ಹಿಡಕೊಂಡು ಬಾಗಲದಾಗ ನೋಡಕೋತ ನಿಂತಿದ್ದೆ. ಕ್ಲಬ್ಬಿನ ಕ್ಯಾಪ್ಟನ್ ಕಡೀ ವರ್ಷದ ಒಬ್ಬ ಮರಾಠಿ ಹುಡಿಗಿ. ಎತ್ತರದಾಕಿ, ಡಾಕ್ಟರರ ಮಗಳು, ನಡಿಯೂದ ಜನರಲ್ ಸಾಹೇಬನ ಗತ್ತಿಲೆ. ಆಕಿ ಹೊಡದದ್ದು ಮತ್ತ ಮತ್ತ ನಡುವಿನ ಜಾಳಗಿಗೆ ಬಡದು ಬಿತ್ತು. ನಾ ನಕ್ಕುಬಿಟ್ಟೆ. ನಕ್ಕದ್ದಷ್ಟ ಅಲ್ಲ, ನಮ್ಮ ಧಾರವಾಡದಾಗ ಸಣ್ಣ ಹುಡುಗೂರೂ ಇದಕಿಂತ ಛಲೋ ಆಡತಾವ ಅಂತ ಮರಾಠಿಯೊಳಗ, ಎಲ್ಲಾರಿಗೂ ಕೇಳೂಹಂಗ ಅಂದೆ.

ಆಕಿ ಸೀದಾ ಬಂದು ತನ್ನ ಬ್ಯಾಟು ನನ್ನ ಕೈಯಾಗ ಇಟ್ಲು.

ಈಗ ಖರೇ ಹೇಳ್ತೀನಿ, ನಾ ಸೂಟಿಗೆ ಹೋದಾಗ ಧಾರವಾಡದಾಗ ಮಾಮಾನ ಮಕ್ಕಳ ಜೋಡಿ ಆಡಿದ್ದು ಉಣ್ಣಿ ಚೆಂಡಿನ ಬ್ಯಾಡ್ಮಿಂಟನ್. ಅಂಗಳದಾಗ ಆ ಕಡೆ ಐದ ಮಂದಿ, ಈ ಕಡೆ ಐದ ಮಂದಿ, ನಡುವ ಹಗ್ಗ. ಆ ಚೆಂಡಿಗೆ ರಟ್ಟಿ ಎತ್ತಿ ಹೊಡೀಬೇಕು, ಅಂದ್ರ ಹೋಗತದ. ನಾ ಹಂಗ ಹೊಡದೆ. ಇಲ್ಲೆ ಚೆಂಡಿನ ಬದಲಿ ಗರಿ ಹೂವು, ಅಂದ್ರ ಶಟಲ್, ಅದು ಹೋಗಿ ಛಾವಣಿ ತೊಲಿ ಮ್ಯಾಲೆ ಕೂತಿತು. ಇನ್ನೊಂದು ಕೊಟ್ರು, ಅದೂ ಮೊದಲನೇದರ ಬಾಜೂಕ ಹೋಗಿ ಕೂತಿತು. ಹುಡಿಗ್ಯಾರೆಲ್ಲಾ ಹೊಟ್ಟಿ ಹಿಡಕೊಂಡು ನಕ್ರು. ಕ್ಯಾಪ್ಟನ್ ಮಾತ್ರ ನಗಲಿಲ್ಲ. "ಕೈಯಾಗ ಜೋರ ಅದ, ತಲ್ಯಾಗ ಇಲ್ಲ. ನಾಳೆ ಮುಂಜಾನೆ ಬಾ," ಅಂದ್ಲು. ಹಿಂಗ ನಾ ಕ್ಲಬ್ ಸೇರಿದೆ.

ಆ ಮುಂಜಾನೆಗಳನ್ನ ನೆನಸಿಕೊಂಡ್ರ ಈಗೂ ಕಾಲು ಸುಮ್ಮನಿರೂದಿಲ್ಲ. ಹೊರಗ ಧೋ ಅಂತ ಮಳಿ, ಒಳಗ ನಾವು ಬರಿಗಾಲಿಲೆ ಫರಸಿ ಮ್ಯಾಲೆ ಪಟಪಟ ಓಡೂದು. ಉಳದವರು ಐದುವಾರಿ ಗೋಲ ಸೀರಿ ಉಟ್ಟು ನಿರಿಗಿ ಎತ್ತಿ ಹಿಡಕೊಂಡು ಓಡತಿದ್ರು. ನಾನು ಒಂಬತ್ತುವಾರಿ, ಕಚ್ಚಿ ಬಿಗದು ಸಿಗಿಸಿದ್ರ ಮುಗೀತು. ಮೊದಲ "ಹಳೇ ಕಾಲದ ಆಯಿ" ಅಂತ ನಕ್ಕವರು ತಿಂಗಳೊಪ್ಪತ್ತಿನಾಗ ತಮ್ಮ ಅವ್ವಂದಿರ ಸೀರಿ ಉಟಗೊಂಡು ಬರಾಕ ಹತ್ತಿದ್ರು. ಹೂವನ್ನ ಹೊಡಿಯೂದು ಬ್ಯಾರೆ, ಹೂವಿಗೆ ಕೈ ಕೊಡೂದು ಬ್ಯಾರೆ ಅನ್ನೂದು ನನಗ ನಿಧಾನಕ್ಕ ತಿಳೀತು. ಜಾಳಗಿ ಮ್ಯಾಲೆ ಬೆರಳಷ್ಟ ಎತ್ತರದಾಗ ಅದನ್ನ ದಾಟಿಸಿ ಆ ಕಡೆಯಾಕಿ ಮುಗ್ಗರಿಸೂದನ್ನ ನೋಡೂದಿತ್ತಲ್ಲ, ಆ ಸುಖಾನ ಬ್ಯಾರೆ. ಮನಿಗೆ ಹಾಡಕೋತ ಬರತಿದ್ದೆ.

ಪುಣೆಕ್ಕ ಆವಾಗ ತನ್ನದ ಅಂತ ಯುನಿವರ್ಸಿಟಿ ಇರಲಿಲ್ಲ, ಮುಂಬೈದ ಯುನಿವರ್ಸಿಟಿಗೆ ಸೇರಿದ ಕಾಲೇಜು ನಮ್ಮದು. ಆ ಮಳಿಗಾಲದ ಕಡೀಕ ಯುನಿವರ್ಸಿಟಿ ಪಂದ್ಯ ಇದ್ವು. ಹುಡಿಗ್ಯಾರ ಜೋಡಿ ಆಟಕ್ಕ ಕ್ಯಾಪ್ಟನ್ ತನ್ನ ಜೋಡಿ ನನ್ನನ್ನ ಆರಿಸಿದ್ಲು. ಒಂದ ಶರತ್ತು: ಬ್ಯಾಟು ಸ್ವಂತದ್ದು ಬೇಕು. ಕ್ಲಬ್ಬಿನ ಬ್ಯಾಟುಗಳು ಹಿಟ್ಟು ಸಾಣಿಸೂ ಜರಡಿ ಆಗಿದ್ವು.

ಅಪ್ಪ ಸಾಹೇಬರು ಇರೂ ಕ್ಯಾಂಪಿನ ಲಿಲಾವಿನ ಅಂಗಡಿಯಿಂದ ಒಂದು ಬ್ಯಾಟು ತಂದ. ಯಾರೋ ಸಾಹೇಬ ಬರ್ಮಾ ಕಡೆ ಹೋಗೂಮುಂದ ಮಾರಿ ಹೋದದ್ದು. ಸೈಕಲ್ ಮ್ಯಾಲೆ, ರದ್ದಿ ಕಾಗದದಾಗ ಸುತ್ತಿ, ಬಗಲಾಗ ಹಿಡಕೊಂಡು ಮಳ್ಯಾಗ ತೊಯ್ಸಿಕೊಂಡು ಬಂದ. ಹಿಡಿಕಿಗೆ ಸುತ್ತಿದ ಪಟ್ಟಿ ಸವದಿತ್ತು, ಆದ್ರ ತಂತಿ ಹೊಂಬಣ್ಣದ್ದು, ಬೆರಳಿಲೆ ಮೀಟಿದ್ರ ತಂಬೂರಿಗತೆ ದನಿ ಬರತಿತ್ತು. ನಾ ಆ ರಾತ್ರಿ ಅದನ್ನ ಬಾಜೂಕ ಇಟಗೊಂಡ ಮಲಗಿದೆ.

ನನಗಿಂತ ಹೆಚ್ಚು ಆ ಬ್ಯಾಟು ಮೆಚ್ಚಿದಾಕಿ ಅಜ್ಜಿ. ದೇವರ ದೀಪಕ್ಕ ಆಕಿ ದಿನಾ ಹೂಬತ್ತಿ ಹೊಸೀತಿದ್ಲು. ಹತ್ತಿ ಅರಳೀನ್ನ ಸಣ್ಣ ಹೂವಿನಹಂಗ ಮಾಡಿ, ತುದಿಗೆ ಹಾಲು ಹಚ್ಚಿ ತಿರವಿ, ಒಣಗಾಕ ಇಡೂದು. ಮಳಿಗಾಲದಾಗ ಅವು ಒಣಗಲಾರದ ಮುಗ್ಗಿ ಹೋಗತಿದ್ವು. ನಾ ಮುಂಜಾನೆ ಆಡಿ ಬಂದು ಬ್ಯಾಟು ಇಟ್ಟ ಮ್ಯಾಲೆ ಆಕಿ ಅದನ್ನ ತಗೊಂಡು, ಅದರ ಜಾಳಗಿ ಮ್ಯಾಲೆ ಹೂಬತ್ತಿ ಸಾಲಾಗಿ ಕೂಡಿಸಿ, ಒಲಿ ಬಾಜೂಕ ಎರಡು ಇಟ್ಟಂಗಿ ಮ್ಯಾಲೆ ಇಡಾಕ ಸುರು ಮಾಡಿದ್ಲು. ಕೆಳಗಿಂದ ಬಿಸಿ ಹತ್ತಿ ಬತ್ತಿ ಗರಿಗರಿ ಆಗತಿದ್ವು. "ಸಾಹೇಬ ಮಂದಿ ಏನೇನ ಛಲೋ ಸಾಮಾನು ಮಾಡತಾರ ನೋಡು," ಅಂತ ವಾಡೆದ ಹೆಣ್ಣಮಕ್ಕಳಿಗೆ ತೋರಿಸಿದ್ಲು. ಅಜ್ಜಿ ಸಾಹೇಬರನ್ನ ಹೊಗಳಿದ್ದು ಅದ ಮೊದಲು.

ಒಂದ ವಾರ ಹಿಂಗ ಸುಖದಾಗ ನಡೀತು. ಆ ಮ್ಯಾಲೆ ಒಂದಿನ ಕ್ಯಾಪ್ಟನ್ ನನಗ ಹೇಳಿದ್ಲು, "ಮಳಿಗಾಲದಾಗ ಬ್ಯಾಟು ಬೆಚ್ಚಗ, ಒಣಾ ಜಾಗಾದಾಗ ಇಡು. ತಂತಿ ಕುರಿ ಕರಳಿನವು. ಥಂಡಿ ಹಿಡದ್ರ ಸಡ್ಲ ಆಗಿ ಹರೀತಾವ."

ಇಂಥಾ ಸುದ್ದಿ ಹೊಟ್ಟ್ಯಾಗ ಇಟಗೊಳ್ಳೂ ಪೈಕಿ ಅಲ್ಲ ನಾನು. ರಾತ್ರಿ ಊಟಕ್ಕ ಕೂತೇವಿ, ಅಜ್ಜಿ ಮ್ಯಾಲಿಂದ ಸಾರು ಬಡಸ್ಲಿಕ್ಕೆ ಹತ್ಯಾಳ. "ಅಪ್ಪಾ, ನಿನಗ ಗೊತ್ತೇನು, ಬ್ಯಾಟಿನ ತಂತಿ ಕುರಿ ಕರಳಿಲೆ ಮಾಡಿರತಾರಂತ," ಅಂದೆ.

ಸಾರಿನ ಸೌಟು ಅಲ್ಲೇ ನಿಂತಿತು. ನಾವು ಎಲ್ಲಾರೂ ಒಮ್ಮೆಲೆ ಒಲಿ ಕಡೆ ನೋಡಿದ್ವಿ. ಅಲ್ಲೆ ಬ್ಯಾಟಿನ ಮ್ಯಾಲೆ ಮರುದಿನದ ಹೂಬತ್ತಿ ಬೆಳ್ಳಗ ಸಾಲಾಗಿ ಕೂತಿದ್ವು. ಅಪ್ಪಗ ನಗು ತಡಿಯೂದು ಆಗಲಿಲ್ಲ, ಅನ್ನ ನೆತ್ತಿಗೆ ಹತ್ತಿತು. "ಒಂದ ವಾರ ಆ ಬತ್ತಿ ಬೆಳಕಿನಾಗ ಕೂತ್ರೂ ದೇವರು ಏನೂ ಅನ್ನಲಿಲ್ಲ ನೋಡವ್ವಾ," ಅಂದ ಕೆಮ್ಮಕೋತ. ಅಜ್ಜಿ ಅಪ್ಪನ ಕಡೆ ನೋಡಿದ ನೋಟಕ್ಕ ಆತನ ಕೆಮ್ಮು ತಾನ ನಿಂತ ಹೋತು.

"ಹೊರಗ," ಅಂದ್ಲು ಅಜ್ಜಿ. ಅಷ್ಟ.

ಬತ್ತಿ ಎಲ್ಲಾ ಹೋದ್ವು. ದೇವರ ಸಾಮಾನು ಹುಣಸಿಹಣ್ಣು ಹಚ್ಚಿ ತಿಕ್ಕಿದ್ದಾತು, ಒಲಿ ಸಾರಿಸಿದ್ದಾತು, ಅಜ್ಜಿ ಮತ್ತ ಸ್ನಾನ ಮಾಡಿದ್ಲು. ಬ್ಯಾಟು ಹೊರಗಿನ ಪಡಸಾಲಿ ಗೂಟಕ್ಕ ಹೋತು, ಅಪ್ಪನ ಛತ್ರಿ ಬಾಜೂಕ, ಚಪ್ಪಲಿ ಸಾಲಿನ ಮ್ಯಾಲೆ. ಮರುದಿನ ಅಜ್ಜಿ ದೂರದಿಂದ ಕೇಳಿದ್ಲು, "ಮತ್ತ ಆ ಹೂವು ಎದರದು?" ಬಾತುಕೋಳಿ ಗರಿ ಅಂತ ಹೇಳಿದೆ. "ಗರಿ ನಡೀತದ. ಕೃಷ್ಣನ ತಲಿ ಮ್ಯಾಲೆ ನವಿಲುಗರಿ ಇಲ್ಲೇನು," ಅಂದ್ಲು. ಹಿಂಗಾಗಿ ಹೂವು ಒಳಗ ಗೂಡಿನಾಗ, ಬ್ಯಾಟು ಹೊರಗ ಗೂಟದ ಮ್ಯಾಲೆ.

ನಮ್ಮ ಪಡಸಾಲಿ ಅಂದ್ರ ಮೂರು ಕಡೆ ಬಯಲು. ಮಳಿ ಇರಚಲು ನೇರ ಒಳಗ. ಅಲ್ಲೆ ತೂಗಹಾಕಿದ ಅಪ್ಪನ ಕೋಟಿಗೆ ಬೂಷ್ಟು ಬರತಿತ್ತು. ನನ್ನ ಬ್ಯಾಟಿನ ತಂತಿ ಎಳಿ ಬಿಟ್ಟು, ಸಡ್ಲ ಆಗಿ, ಮೀಟಿದ್ರ ಧಪ್ ಅನ್ನಾಕ ಹತ್ತಿತು. ಒಂದಿನ ಆಟದ ನಡುವ ಒಂದು ತಂತಿ ಹರದ ಹೋತು. ಕ್ಯಾಂಪಿನಾಗ ತಂತಿ ಕಟ್ಟಾಂವ ಹಳೇದೊಂದು ತುಂಡು ಹಾಕಿ ಹೊಂದಿಸಿಕೊಟ್ಟು, "ಯುದ್ಧ ಮುಗಿಯೂತನಕ ವಿಲಾಯತಿ ಮಾಲು ಬರೂದಿಲ್ಲ ತಂಗಿ. ಇನ್ನೊಂದು ಹರದ್ರ ನಾ ಏನೂ ಮಾಡ್ಲಿಕ್ಕೆ ಆಗೂದಿಲ್ಲ," ಅಂದ.

ಕ್ಯಾಪ್ಟನ್ ಸುತ್ತಿ ಬಳಸಿ ಮಾತಾಡೂಕಿ ಅಲ್ಲ. "ಇದು ನಂದು ಕಡೀ ವರ್ಷ. ಇಂಥಾ ಬ್ಯಾಟಿಲೆ ಪಂದ್ಯ ಆಗೂದಿಲ್ಲ. ವಾರದಾಗ ಸರಿ ಆಗಲಿಲ್ಲಂದ್ರ ನಿನ್ನ ಜಾಗಾಕ್ಕ ಬ್ಯಾರೆಯಾಕಿನ್ನ ತಗೋತೀನಿ," ಅಂದ್ಲು. ಅಷ್ಟು ದಿನದಾಗ ಆ ಹಾಲು, ಆ ಗೆರಿ, ಆಕಿ ಬಾಜೂಕ ನನ್ನ ಆ ಜಾಗಾ ನನ್ನವ ಆಗಿಬಿಟ್ಟಿದ್ವು. ಬ್ಯಾರೆ ಯಾರೋ ಅಲ್ಲೆ ನಿಂದರೂದನ್ನ ನಾ ಕುರ್ಚಿ ಮ್ಯಾಲೆ ಕೂತು ನೋಡೂದು ನನ್ನ ಕೈಲೆ ಆಗತಿರಲಿಲ್ಲ.

ನಮ್ಮ ಮನ್ಯಾಗ ಮಳಿಗಾಲದಾಗೂ ಒಣಗಿ ಇರೂ ಜಾಗಾ ಒಂದ: ಅಜ್ಜಿ ಒಲಿ ಮ್ಯಾಲೆ. ಮನಿಗೆ ಬಂದವಳ ಅಡಿಗಿಮನಿ ಬಾಗಲದಾಗ ನಿಂತು ಕೇಳಿದೆ. ಒಲಿ ಮ್ಯಾಲಿನ ತೊಲಿಗೆ ತೂಗಹಾಕತೀನಿ, ಯಾರಿಗೂ ತಾಗೂದಿಲ್ಲ ಅಂದೆ.

"ಆಗೂದಿಲ್ಲ," ಅಂದ್ಲು ಅಜ್ಜಿ. ಚವಳಿಕಾಯಿ ಸೋಸ್ಲಿಕ್ಕೆ ಹತ್ತಿದ್ಲು, ತಲಿ ಎತ್ತಲಿಲ್ಲ.

"ಮಠದಾಗ ಭಜನಿಗೆ ಮದ್ದಳಿ ಬಾರಸ್ತಾರ. ಅದೇನ ಅರಳೀಲೆ ಮಾಡಿದ್ದೇನು? ಅದೂ ಚರ್ಮದ್ದ. ದೇವರಿಗೆ ನಡೀತದ, ನಿನಗ ನಡಿಯೂದಿಲ್ಲೇನು?"

"ಮದ್ದಳಿ ಯಾರೂ ಒಲಿ ಮ್ಯಾಲೆ ಇಡೂದಿಲ್ಲ."

ಜವಾಬು ಇಲ್ಲದಾಗ ನನ್ನ ದನಿ ಏರತದ. "ನಿನಗ ನನ್ನಕಿಂತ ನಿನ್ನ ಒಲಿ ಹೆಚ್ಚು," ಅಂತ ಒದರಿ ಹೊರಗ ಬಂದೆ. ಅಜ್ಜಿ ಚವಳಿಕಾಯಿ ಮುರಿಯೂ ಸಪ್ಪಳ ಹಂಗ ನಡದಿತ್ತು. ಅವತ್ತಿನಿಂದ ನಾ ಆಕಿ ಜೋಡಿ ಮಾತು ಬಿಟ್ಟೆ. ಬಡಸಿದ್ರ ಉಣ್ಣೂದು, ಎದ್ದು ಹೋಗೂದು. ನನಗ ಮಾತಾಡದ ಇರೂದು ಎಷ್ಟು ಕಷ್ಟ ಅನ್ನೂದು ನೆನಸ್ರಿ.

ಆ ಮ್ಯಾಲೆ ನಾನ ಒಂದು ಉಪಾಯ ಮಾಡಿದೆ. ಅಪ್ಪನ ಕಚೇರಿಗೆ ಬರೂ ಪಾರ್ಸಲಿಗೆ ಸುತ್ತೂ ಮೇಣದ ಅರಿವಿ ಇಸಗೊಂಡು, ಬ್ಯಾಟಿಗೆ ಒಂದು ಚೀಲಾ ಹೊಲದೆ. ಒಳಗ ತಂತಿಗೆ ಪೌಡರ್ ಉಗ್ಗಿ, ಚೀಲದ ಬಾಯಿ ಬಿಗದು ಗೂಟಕ್ಕ ಹಾಕಿದೆ. ಮುಂಜಾನೆ ಆಟ, ಮನಿಗೆ ಬಂದು ಸ್ನಾನ ಊಟ, ಬ್ಯಾಟು ಗೂಟಕ್ಕ, ನಾ ಕಾಲೇಜಿಗೆ. ಎರಡ ದಿನದಾಗ ತಂತಿ ಬಿಗದ್ವು. ನಾಕ ದಿನದಾಗ ಮೊದಲಿನ ದನಿ ಬಂತು. ಒಂದು ವಾರಕ್ಕ ಕ್ಯಾಪ್ಟನ್ ಬೆರಳಿಲೆ ಮೀಟಿ ನೋಡಿ, ತನ್ನ ಬ್ಯಾಟಿಗಿಂತ ಛಲೋ ಅದ ಅಂದ್ಲು.

ಇನ್ನ ನನ್ನನ್ನ ಹಿಡಿಯೂರು ಯಾರು. ನಾ ಹಾಲಿನ ನಡುವ ನಿಂತು ಮೇಣದ ಅರಿವಿ ಬಗ್ಗೆ ಪಾಠಾ ಹೇಳಿದೆ. ಹುಡಿಗ್ಯಾರು ಎಲ್ಲಾರೂ ಪೇಟೆ ತಿರಗಿ ಮೇಣದ ಅರಿವಿ ತಂದು ಚೀಲಾ ಹೊಲದ್ರು. ಯಾರ ಬ್ಯಾಟಿನ ತಂತಿನೂ ಬಿಗೀಲಿಲ್ಲ. ಒಳಗ ಬೆವತು ಇನ್ನಷ್ಟ ಸಡ್ಲ ಆದ್ವು. "ನಿಮ್ಮ ಹೊಲಿಗಿ ಸರಿ ಇಲ್ಲ," ಅಂತ ನಾ ತಿಳಿಸಿ ಹೇಳಿದೆ.

ಒಂದಿನ ಕ್ಯಾಪ್ಟನ್ ನನ್ನ ಬ್ಯಾಟು ಮೂಗಿನ ಹತ್ರ ಹಿಡದು, "ಇದಕ್ಕ ಇಂಗಿನ ಒಗ್ಗರಣಿ ವಾಸನಿ ಬರತದಲ್ಲ," ಅಂದ್ಲು. ನಮ್ಮ ಕನ್ನಡದವರ ಅಡಿಗಿಗೆ ಚಾಷ್ಟಿ ಮಾಡತಾಳ ಅಂತ ನನಗ ಭಾಳ ಸಿಟ್ಟ ಬಂತು. "ಇಂಗು ತಿಂದ ಕೈಯಿಂದನ ಅಂಥಾ ಹೊಡತ ಬೀಳತದ," ಅಂದೆ. ಆಕಿ ನಕ್ಕು ಬ್ಯಾಟು ತಿರಗಿ ಕೊಟ್ಲು.

ಮನ್ಯಾಗ ಅದ ದಿನದಾಗ ಅವ್ವನ ಗೊಣಗೂದು ಬ್ಯಾರೆ ಸುರು ಆಗಿತ್ತು. ಅಜ್ಜಿ ಮಡಿ ಸೀರಿ ಒಣಗಹಾಕೂ ಗಳದ ಮ್ಯಾಲೆ ದಿನಾ ಸಂಜಿಕೆ ಒಂದಲ್ಲ, ಎರಡು ಹಸೀ ಸೀರಿ. "ಈ ಮಳ್ಯಾಗ ಒಂದ ಒಣಗೂದ ಕಷ್ಟ, ಅತ್ತಿಯವರು ಎರಡೆರಡ ತೋಯಿಸ್ತಾರ. ನಾ ಮಧ್ಯಾಹ್ನ ಸ್ವಲ್ಪ ಅಡ್ಡ ಆಗಿ ಏಳೂದ್ರಾಗ ಇವರದು ಇನ್ನೊಂದು ಸ್ನಾನ ಆಗಿರತದ. ಕೇಳಿದ್ರ ಸೆಕಿ ಅಂತಾರ. ಈ ಥಂಡ್ಯಾಗ ಎಲ್ಲಿ ಸೆಕಿ?" ಅಂತಿದ್ಲು. ನಾ ಮಾತು ಬಿಟ್ಟಿದ್ದೆನಲ್ಲ, ಅಜ್ಜಿ ಸ್ನಾನದ ಚಿಂತಿ ನನಗ್ಯಾಕ ಅಂತ ಸುಮ್ಮನಿದ್ದೆ.

ಪಂದ್ಯ ಸುರು ಆದ್ವು. ನಾವು ಒಂದಾದ ಮ್ಯಾಲೆ ಒಂದು ಗೆಲಕೋತ ಹೋದ್ವಿ. ಕಡೀ ಪಂದ್ಯ ನಮ್ಮ ಹಾಲಿನಾಗನ, ರವಿವಾರ ಮಧ್ಯಾಹ್ನ, ಮುಂಬೈದಿಂದ ಬರೂ ಜೋಡಿ ಎದುರು. ಆ ವಾರ ಮಳಿ ಬಿಡಲೇ ಇಲ್ಲ. ಮುಠಾ ನದಿ ಕೆಂಪಗ ಆಗಿ ಪೂಲದ ಕಂಬಾ ನುಂಗಿತ್ತು. ಶನಿವಾರ ಕಾಲೇಜಿಗೆ ಸೂಟಿ, ನಾ ದಿನವೆಲ್ಲಾ ಮನ್ಯಾಗ. ರವಿವಾರ ಅಪ್ಪನೂ ಮನ್ಯಾಗ.

ರವಿವಾರ ಮುಂಜಾನಿಂದ ಅಜ್ಜಿ ಯಾಕೋ ನಿಂತಲ್ಲೆ ನಿಂದರವಲ್ಲಳು. ತಾನಾಗಿ ನನ್ನ ಮಾತಾಡಿಸಿದ್ಲು. "ಹೋಗಿ ವಿಳ್ಯದೆಲಿ ತಾ." "ಇವತ್ತ ಮ್ಯಾಚ್ ಅದ, ನಾ ಎಲ್ಲೂ ಹೋಗೂದಿಲ್ಲ," ಅಂದೆ. ಸ್ವಲ್ಪ ಹೊತ್ತಿಗೆ, "ಮ್ಯಾಲಿನ ಮಜಲಿನವರ ಮನಿಗೆ ಹೋಗಿ ಕೂತು ಬಾ." "ಯಾಕ?" "ಸುಮ್ಮನ." ಆಕಿ ಹಿಂಗ ಮಾಡೂಕಿ ಅಲ್ಲ. ನನಗ ಇನ್ನೂ ಹಟ ಬಂತು. ಪಡಸಾಲ್ಯಾಗ ಗೂಟದ ಕೆಳಗನ ಕೂತೆ. ಅಪ್ಪ ಪೇಪರ್ ಓದಕೋತ ಕೂತಿದ್ದ, ಅವ್ವ ಅಕ್ಕಿ ಆರಿಸ್ಲಿಕ್ಕೆ ಹತ್ತಿದ್ಲು. ರವಿವಾರ ಅಂತ ಅಡಿಗಿ ತಡಾ, ನಾವು ಮೂರೂ ಮಂದಿ ಉಂಡಿದ್ವಿ, ಅಜ್ಜಿದು ಇನ್ನೂ ಆಗಿರಲಿಲ್ಲ. ನಾ ಹೊರಡೂ ಹೊತ್ತು ಹತ್ರ ಬಂದಿತ್ತು.

ಆವಾಗ ಅಜ್ಜಿ ಇಕ್ಕಳ ಹಿಡಕೊಂಡು ಪಡಸಾಲಿಗೆ ಬಂದ್ಲು.

"ಆ ಚೀಲಾ ತಗಿ," ಅಂದ್ಲು ನನಗ.

ಏನ ಅಂತ ತಿಳೀದ ತಗದೆ. ಎರಡ ದಿನದ ಥಂಡಿಗೆ ತಂತಿ ಮೆತ್ತಗಾಗಿದ್ವು. ಬೆರಳ ಹಚ್ಚಿದ್ರ ಧಪ್ ಅಂತು. ನನ್ನ ಮಾರಿ ಇಳೀತು. ನನ್ನ ಮೇಣದ ಅರಿವಿ ಇವತ್ತ ಯಾಕ ಕೈ ಕೊಟ್ಟಿತು ಅಂತ ನಾ ವಿಚಾರ ಮಾಡೂದ್ರಾಗ, ಅಜ್ಜಿ ಇಕ್ಕಳಿಲೆ ಬ್ಯಾಟಿನ ಹಿಡಿಕಿ ಹಿಡದು, ಮೈಯಿಂದ ದೂರ ಚಾಚ್ಕೊಂಡು, ಅಪ್ಪನ ಪೇಪರಿನ ಮುಂದ ಹಾಯ್ದು, ಅವ್ವನ ಅಕ್ಕಿ ಮರಾ ದಾಟಿ, ಸೀದಾ ಅಡಿಗಿಮನಿಗೆ ಹೋದ್ಲು.

ಅಪ್ಪನ ಪೇಪರ್ ಕೆಳಗ ಇಳೀತು. ಅವ್ವ ಎದ್ದು ನಿಂತು, "ಅತ್ತಿಯವರ, ನಿಮ್ಮದು ಇನ್ನೂ ಊಟ ಆಗಿಲ್ಲ," ಅಂದ್ಲು. ಬ್ಯಾಟು ಒಲಿ ಹತ್ರ ಹೋತು ಅಂದ್ರ ಆ ಅಡಿಗಿ ಇನ್ನ ಅಜ್ಜಿಗೆ ನಡಿಯೂದಿಲ್ಲ, ಇದು ನಮಗ ಎಲ್ಲಾರಿಗೂ ಗೊತ್ತು.

"ನಾಳೆ ಏಕಾದಶಿ. ಒಂದಿನ ಮೊದಲ ಮಾಡಿದೆ ಅಂತ ತಿಳಿ," ಅಂದ್ಲು ಅಜ್ಜಿ ಒಳಗಿಂದ.

ನಾ ಅಡಿಗಿಮನಿ ಬಾಗಲದಾಗ ಹೋಗಿ ನಿಂತೆ. ಆಕಿ ಕೆಂಡಾ ಹರವಿ, ಮ್ಯಾಲೆ ಮೊಳದೆತ್ತರದಾಗ ಬ್ಯಾಟು ಹಿಡದು, ರೊಟ್ಟಿ ತಿರವಿದಂಗ ಆ ಮಗ್ಗಲಿಗೊಮ್ಮೆ ಈ ಮಗ್ಗಲಿಗೊಮ್ಮೆ ತಿರವಲಿಕ್ಕೆ ಹತ್ತಿದ್ಲು. ಇವತ್ತ ಮೊದಲ ಸಲ ಮಾಡೂ ಕೈ ಅಲ್ಲ ಅದು.

ಅವ್ವ ನನ್ನ ಹಿಂದ ಬಂದು ನಿಂತು, "ಹಂಗಂದ್ರ ಆ ಎರಡನೇ ಸೀರಿ..." ಅಂದ್ಲು.

ದಿನಾ ಮಧ್ಯಾಹ್ನ ಎಲ್ಲಾರದೂ ಆಗಿ, ತಂದೂ ಊಟ ಆದ ಮ್ಯಾಲೆ, ಒಲಿ ಹ್ಯಾಂಗೂ ಮುಸುರಿ, ಇನ್ನ ಸಗಣಿ ಹಚ್ಚಿ ಸಾರಿಸೂದ ಅದ. ಸಾರಿಸೂಕಿಂತ ಮೊದಲ ಅಲ್ಲೆ ಏನ ಇಟ್ರೂ ಲೆಕ್ಕಕ್ಕಿಲ್ಲ. ಅಜ್ಜಿ ತನ್ನ ಶಾಸ್ತ್ರದೊಳಗ ಅಷ್ಟ ಸಂದಿ ಹುಡುಕಿಕೊಂಡಿದ್ಲು. ಅವ್ವ ಮಲಗಿದಾಗ ಬ್ಯಾಟು ತಂದು, ಕೆಂಡಕ್ಕ ಹಿಡದು, ತಿರಗಿ ಚೀಲಾಕ್ಕ ಹಾಕಿ ಗೂಟಕ್ಕ ಸಿಗಿಸಿ, ಒಲಿ ಸಾರಿಸಿ, ಆ ಮ್ಯಾಲೆ ಮಳ್ಯಾಗ ತಣ್ಣೀರು ಹಾಕ್ಕೋತಿದ್ಲು. ಆ ವಯಸ್ಸಿಗೆ, ದಿನಾ. ನಾ ಮಾತು ಬಿಟ್ಟ ಎಲ್ಲಾ ದಿನ.

ನನಗ ಅಳೂ ಬಂತು, ನಗೂನೂ ಬಂತು. ಆ ಮೇಣದ ಅರಿವಿ ಹೊಲದ ಎಲ್ಲಾ ಹುಡಿಗ್ಯಾರ ಮಾರಿ ಕಣ್ಣ ಮುಂದ ಬಂದ್ವು. "ನನಗ್ಯಾಕ ಹೇಳಲಿಲ್ಲ?" ಅಂದೆ.

"ಹೇಳಿದ್ರ ನಿನ್ನ ಬಾಯಿ ಸುಮ್ಮನ ಇರತಿತ್ತೇನು? ವಾಡೆಕ್ಕೆಲ್ಲಾ ಡಂಗುರಾ ಆಗತಿತ್ತು. ಹೂಬತ್ತಿ ಒಣಗಿಸೂಮುಂದನ ನೋಡಿದ್ದೆ, ಬಿಸಿ ಹತ್ತಿದ್ರ ತಂತಿ ಬಿಗೀತಾವ." ಬ್ಯಾಟು ಇನ್ನೊಮ್ಮೆ ತಿರವಿದ್ಲು. "ಬಾಗಲದಾಗ ನಿಂದರಬ್ಯಾಡ, ಗಾಳಿ ಬರತದ."

ನಾ ಸರದು ನಿಂತೆ. ಜಲ್ಮದಾಗ ಮೊದಲನೇ ಸಲ ಎದುರ ಮಾತಾಡಲಿಲ್ಲ.

ಮುಂಬೈ ಹುಡಿಗ್ಯಾರು ಬಿಳೇ ಬೂಟು ಹಾಕ್ಕೊಂಡು ಬಂದಿದ್ರು. ಭಾಳ ಛಂದ ಆಡತಿದ್ರು, ಸುಳ್ಳ ಯಾಕ ಹೇಳೂದು. ಮೊದಲನೇ ಆಟ ಅವರದ ಆತು. ಎರಡನೇದು ಹ್ಯಾಂಗೋ ನಮ್ಮದಾತು. ಮೂರನೇದರಾಗ ಫರಸಿ ಆರ್ದ್ರ ಆಗಿ ಬೂಟಿನ ಕಾಲು ಜಾರಾಕ ಹತ್ತಿದ್ವು, ನಮ್ಮ ಬರಿಗಾಲು ನಿಂತ್ವು. ಸಮಾ ಸಮಾ ಬಂತು. ಹಾಲಿನಾಗ ಉಸರಿನ ಸಪ್ಪಳ ಇಲ್ಲ, ಛಾವಣಿ ಮ್ಯಾಲೆ ಮಳಿದಷ್ಟ. ಕಡೀಕ ಅವರು ಎತ್ತಿ ಹೊಡದದ್ದು ತೊಲಿ ತನಕ ಹೋಗಿ ನನ್ನ ತಲಿ ಮ್ಯಾಲೆ ಇಳೀತು. "ತುಝಾ," ನಿಂದು, ಅಂತ ಕ್ಯಾಪ್ಟನ್ ಕೂಗಿದ್ಲು. ನಾ ರಟ್ಟಿ ಎತ್ತಿದೆ. ಧಾರವಾಡದ ಉಣ್ಣಿ ಚೆಂಡಿಗೆ ಹೊಡಿಯೂ ಹೊಡತ ಅದು, ಕ್ಯಾಪ್ಟನ್ ಅಷ್ಟು ದಿನ ಬ್ಯಾಡ ಬ್ಯಾಡ ಅಂತ ಬಿಡಿಸಿದ್ದ ಹೊಡತ. ತಂತಿ ಟಣ್ ಅಂತು. ಹೂವು ಆ ಇಬ್ಬರ ನಡುವ ಸುಣ್ಣದ ಗೆರಿ ಒಳಗ ಹೋಗಿ ಬಿತ್ತು.

ಜನರಲ್ ಸಾಹೇಬನ ಗತ್ತಿನ ನಮ್ಮ ಕ್ಯಾಪ್ಟನ್ ಫರಸಿ ಮ್ಯಾಲೆ ಕೂತು ಸಣ್ಣ ಹುಡಿಗಿಗತೆ ಅತ್ತಳು. ಆ ಮ್ಯಾಲೆ ಎದ್ದು ನನ್ನ ಬ್ಯಾಟಿಗೆ ಮೂಗು ಹಚ್ಚಿ, "ಇವತ್ತ ಇಂಗು ಜಾಸ್ತಿ ಬಿದ್ದದ," ಅಂದ್ಲು. ಅದು ಯಾಕ ಅನ್ನೂದನ್ನ ಆಕಿಗೆ ಹೇಳಿದೆ. ಬಾಯಿ ಸುಮ್ಮನಿರಲಿಲ್ಲ. ಆಕಿ ಗೆದ್ದ ಕಪ್ಪು ನನ್ನ ಕೈಯಾಗ ಕೊಟ್ಟು, "ಇದನ್ನ ಮೊದಲ ಅಜ್ಜಿಗೆ ತೋರಿಸು. ನಾಳೆ ತಾ," ಅಂದ್ಲು.

ಪೂಲದ ಮ್ಯಾಲೆ ಓಡಕೋತ ಬಂದೆ. ಛತ್ರಿ ಹಾಲಿನಾಗನ ಬಿಟ್ಟು ಬಂದಿದ್ದು ಮನಿ ಮುಟ್ಟಿದ ಮ್ಯಾಲೆ ನೆನಪಾತು. ದೀಪ ಹಚ್ಚೂ ಹೊತ್ತು. ಅಜ್ಜಿ ಮತ್ತ ಸ್ನಾನ ಮಾಡಿ, ಮಡಿ ಉಟ್ಟು, ದೇವರ ಮುಂದ ಹೂಬತ್ತಿ ತುಪ್ಪದಾಗ ಅದ್ದಲಿಕ್ಕೆ ಹತ್ತಿದ್ಲು. ಮುಂಜಾನಿಂದ ಆಕಿ ಹೊಟ್ಟಿಗೆ ಹೋದದ್ದು ಒಂದು ಬಾಳೆಹಣ್ಣು, ಒಂದು ವಾಟಿ ಹಾಲು ಅಂತ ಅವ್ವ ಬಾಗಲದಾಗನ ನನ್ನ ಕಿವ್ಯಾಗ ಹೇಳಿದ್ಲು. ನಾ ರೂಢಿ ಪ್ರಕಾರ ಹೊಸ್ತಿಲ ಹೊರಗ ನಿಂತೆ. ಮೈಯೆಲ್ಲಾ ತೊಯ್ದು ನೀರು ಸೋರತಿತ್ತು.

"ತಂತಿ ಹರೀತೇನು?" ಅಂತ ಕೇಳಿದ್ಲು ಅಜ್ಜಿ, ತಿರಗಲಾರದ.

"ಇಲ್ಲ. ಗಟ್ಟಿ ಇದ್ವು."

"ಗೆದ್ರೇನು?"

"ಗೆದ್ವಿ ಅಜ್ಜಿ." ಕಪ್ಪು ಎತ್ತಿ ತೋರಿಸಿದೆ.

ಆಕಿ ತಿರಗಿ ಕಪ್ಪು ನೋಡಿದ್ಲು, ನನ್ನ ನೋಡಿದ್ಲು. ಹೂಬತ್ತಿ ತಾಟು ಕೆಳಗ ಇಟ್ಲು. "ಮತ್ತ ಅಲ್ಲ್ಯಾಕ ನಿಂತಿ? ಬಾ."

"ನೀ ಮಡ್ಯಾಗ ಇದ್ದಿ," ಅಂದೆ.

"ಇಷ್ಟ ಸ್ನಾನ ಆಗ್ಯಾವ, ಇನ್ನೊಂದು ಆದ್ರ ಏನಾತು. ಬಾ ಇಲ್ಲೆ."

ಹೋಗಿ ತೆಕ್ಕಿ ಬಿದ್ದೆ. ಸಣ್ಣಾಕಿ ಇದ್ದಾಗಿನಿಂದ ಓಡಿ ಓಡಿ ಹೋಗಿ ನಿಂತುಬಿಡತಿದ್ದ ಆ ಜಾಗಾ ದಾಟಿ ಹೋಗಿ ಬಿದ್ದೆ. ಆಕಿ ಸೀರಿ ಪೂರಾ ಒಣಗಿರಲಿಲ್ಲ, ಹೊಗಿ ಮತ್ತ ಇಂಗಿನ ವಾಸನಿ ಬರತಿತ್ತು. ಹಿಂದಿನಿಂದ ಅವ್ವ, "ಇನ್ನ ಉಡಾಕ ಒಂದೂ ಒಣಾ ಸೀರಿ ಇಲ್ಲ," ಅಂತ ಗೊಣಗಿದ್ಲು. ಬ್ಯಾಟು ನಾ ಹೊಸ್ತಿಲ ಹೊರಗನ ಬಿಟ್ಟಿದ್ದೆ, ಅದರ ಬಾಜೂಕ ಅಪ್ಪ ನಿಂತಿದ್ದ. ಇವತ್ತಿನ ದಿನ ಎಲ್ಲಾ ನಡೀತದ ಅಂತ ಧೈರ್ಯ ಬಂದಿರಬೇಕು, ಅದನ್ನ ಎತಗೊಂಡು ಹೊಸ್ತಿಲ ಒಳಗ ಒಂದ ಕಾಲಿಟ್ಟ.

ಅಜ್ಜಿ ನನ್ನನ್ನ ಬಿಡಲಿಲ್ಲ. ನನ್ನ ಹೆಗಲ ಮ್ಯಾಲಿಂದ ಅಪ್ಪನ ಕಡೆ ನೋಡಿ ಹೇಳಿದ್ಲು, "ಅದು ಗೂಟಕ್ಕ."